ಪರವಾಗಿಲ್ಲ

ನಮ್ಮ ಮನೆಯಲ್ಲಿ ಜಗಳ ಶುರುವಾಗುವುದು ಊಟದ ಹೊತ್ತಿಗೆ. ಬೇರೆ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಸಿಗುವುದೇ ಇಲ್ಲವಲ್ಲ, ಅದಕ್ಕೆ. ಬಡಿಸುವವನು ನಾನು. ಬಸ್ಸಿನ ಸ್ಟೀರಿಂಗ್ ಬಿಟ್ಟು ಮನೆಗೆ ಬಂದ ಮೇಲೆ ನನ್ನ ಕೈಗೆ ಸೌಟು ಬಂತು. ಯಜಮಾನಿಗೆ ಅಂಗಡಿ, ಮಗನಿಗೆ ಲಿಫ್ಟ್ ರಿಪೇರಿ, ಸೊಸೆಗೆ ಆಫೀಸು, ಮೊಮ್ಮಗಳಿಗೆ ಸ್ಕೂಲು. ಇನ್ನು ಖಾಲಿ ಕೂತವನು ಯಾರು? ಹಾಗಾಗಿ ಯಾರ ಮುಖ ಯಾವಾಗ ಕೆಂಪಾಯಿತು, ಯಾರು ಅನ್ನ ಅರ್ಧಕ್ಕೆ ಬಿಟ್ಟು ಎದ್ದರು ಎಂಬುದನ್ನೆಲ್ಲ ಹತ್ತಿರದಿಂದ ನೋಡಿದವನು ನಾನೇ. ಒಂದು ಹೆಮ್ಮೆ ಏನೆಂದರೆ, ನನ್ನ ಅಡುಗೆಯ ವಿಷಯಕ್ಕೆ ಮಾತ್ರ ಈ ಮನೆಯಲ್ಲಿ ಎಂದೂ ಜಗಳವಾಗಿರಲಿಲ್ಲ. ಹೇಗಿದೆ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ.

ಆ ದಿನವೂ ಕೇಳಿದೆ. "ಬೇಳೆ ಹೇಗಿದೆ?"

"ಪರವಾಗಿಲ್ಲ," ಎಂದಳು ಯಜಮಾನಿ, ತಟ್ಟೆಯ ಕಡೆ ನೋಡದೆ.

ಅವಳ ಕೂದಲಿಗೆ ಹತ್ತಿ ಅಂಟಿಕೊಂಡಿತ್ತು. ಅವಳದು ಹಾಸಿಗೆ ಅಂಗಡಿ. ಹಳೆಯ ಹಾಸಿಗೆ ಬಿಚ್ಚಿ, ಹತ್ತಿಯನ್ನು ಬಿಸಿಲಿಗೆ ಹಾಕಿ, ಯಂತ್ರದಲ್ಲಿ ಹಿಂಜಿ, ಹೊಸ ಗವಸಿಗೆ ತುಂಬಿ, ಕೋಲಿನಲ್ಲಿ ಬಡಿದು ಸಮ ಮಾಡಿ, ದಬ್ಬಳದಲ್ಲಿ ಹೊಲಿದು ಕೊಡುವ ಕೆಲಸ. ಅವಳ ಅಪ್ಪನಿಂದ ಬಂದ ಕಸುಬು. ಈಗ ಎಲ್ಲರಿಗೂ ಫೋಮ್ ಹಾಸಿಗೆ ಬೇಕು. ಹಿಂಜಿಸುವ ರಗಳೆ ಇಲ್ಲ, ಬಿಸಿಲಿಗೆ ಹಾಕುವ ರಗಳೆ ಇಲ್ಲ, ಹಳತಾದರೆ ಎಸೆದರಾಯಿತು.

"ತಾತಾ, ಇವತ್ತೂ ಉ..." ಎಂದು ಮೊಮ್ಮಗಳು ಏನೋ ಹೇಳಹೊರಟಳು. ಅಷ್ಟರಲ್ಲಿ ಸೊಸೆ ಅವಳ ಬಾಯಿಗೆ ದೊಡ್ಡದೊಂದು ತುತ್ತು ತುರುಕಿದಳು. ಮಗು ಪಾಪ ಕಣ್ಣು ಬಿಟ್ಟುಕೊಂಡು ಅಗಿಯತೊಡಗಿತು.

ಯಜಮಾನಿ ಸೊಸೆಯ ಕಡೆ ತಿರುಗಿದಳು. "ಏನಮ್ಮಾ, ಇವತ್ತು ಯಾರ ಅಂಗಡಿ ಉದ್ಧಾರ ಮಾಡಿ ಬಂದೆ?"

"ನಾನು ಯಾರನ್ನೂ ಉದ್ಧಾರ ಮಾಡಲ್ಲ ಅತ್ತೆ. ಕೇಳ್ತೀವಿ, ಬರ್ಕೋತೀವಿ, ಅಷ್ಟೇ."

"ಹೌದೌದು. ಬ್ಯಾಗಿನವಳ ಅಂಗಡಿಗೆ ಬರೋ ಮಾಸ್ತರು ಬರೀ ಕೇಳೋಕೆ ಬರ್ತಾನಾ? ಕುರ್ಚಿ ಹಾಕ್ಕೊಂಡು ಕೂತು ಪಾಠ ಹೇಳ್ತಾನೆ. ನಾನೇನು ಕುರುಡೀನಾ?"

ಸೊಸೆ ತಲೆ ತಗ್ಗಿಸಿ ಅನ್ನ ಕಲಸಿದಳು. ಮಗ, "ಅಮ್ಮಾ, ಊಟ ಮಾಡು," ಎಂದ. "ಮಾಡ್ತಾನೇ ಇದೀನಲ್ಲ, ಇನ್ನೇನು ನರ್ತನ ಮಾಡ್ತಿದೀನಾ?" ಎಂದು ಅವಳು ಅವನ ಮೇಲೆ ಹರಿಹಾಯ್ದಳು.

ಇದರ ಮೂಲ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಿಗೂ ತಲೆಬುಡ ಅರ್ಥವಾಗುವುದಿಲ್ಲ. ಸೊಸೆಯ ಆಫೀಸಿನಲ್ಲಿ ನಡೆಯುವುದು ಸಂಶೋಧನೆ. ಸಣ್ಣ ವ್ಯಾಪಾರ ಶುರು ಮಾಡಿದವರು ಉಳಿದುಕೊಳ್ಳುವುದು ಹೇಗೆ, ಬೆಳೆಯುವುದು ಹೇಗೆ, ಅವರಿಗೆ ನಿಜವಾಗಿ ಯಾವುದರಿಂದ ಅನುಕೂಲವಾಗುತ್ತದೆ, ಇದನ್ನು ಕಂಡುಹಿಡಿಯಬೇಕಂತೆ. ಅದಕ್ಕೆ ನಮ್ಮ ಮಾರ್ಕೆಟ್ಟಿನ ಅಂಗಡಿಗಳ ಹೆಸರು ಬರೆದು ಚೀಟಿ ಎತ್ತಿದರು. ಒಂದು ಗುಂಪಿನವರಿಗೆ ವಾರ ವಾರ ಒಬ್ಬ ಮಾಸ್ತರು ಬಂದು ವ್ಯಾಪಾರದ ಪಾಠ ಹೇಳುವುದು. ಇನ್ನೊಂದು ಗುಂಪಿನವರಿಗೆ ಪಾಠವಿಲ್ಲ, ತಿಂಗಳಿಗೊಮ್ಮೆ ಪ್ರಶ್ನೆ ಮಾತ್ರ. ವರ್ಷ ಕಳೆದ ಮೇಲೆ ಎರಡೂ ಗುಂಪನ್ನು ಪಕ್ಕಪಕ್ಕ ಇಟ್ಟು ನೋಡುವುದು. ನಮ್ಮ ಯಜಮಾನಿಯ ಚೀಟಿ ಬರೀ ಪ್ರಶ್ನೆಯ ಗುಂಪಿಗೆ ಬಿತ್ತು. ಎದುರು ಸಾಲಿನಲ್ಲಿ ಬ್ಯಾಗು ಹೊಲಿದು ಮಾರುವವಳದು ಪಾಠದ ಗುಂಪಿಗೆ.

ಪಟ್ಟಿಯಲ್ಲಿ ಅತ್ತೆಯ ಅಂಗಡಿ ಕಂಡ ದಿನವೇ ಸೊಸೆ ಹೋಗಿ ತನ್ನ ಮೇಲಿನವರಿಗೆ ಹೇಳಿದ್ದಳು. ಅವರು, ಪ್ರಶ್ನೆ ಕೇಳಲು ಬೇರೆಯವರನ್ನು ಕಳಿಸುತ್ತೇವೆ, ಪಾಠದ ವಿಷಯ ನೀನು ಮನೆಯಲ್ಲಿ ಬಾಯಿ ಬಿಡಬೇಡ, ಬಿಟ್ಟರೆ ಹೋಲಿಕೆ ಕೆಟ್ಟುಹೋಗುತ್ತದೆ ಎಂದರು. ಸೊಸೆ ಆಗಲಿ ಎಂದಳು. ಅವಳು ಒಮ್ಮೆ ಆಗಲಿ ಎಂದರೆ ಮುಗಿಯಿತು, ಆಮೇಲೆ ಜಪ್ಪಯ್ಯ ಎಂದರೂ ಬಾಯಿ ಬಿಡುವವಳಲ್ಲ. ನಮ್ಮ ಮನೆಗೆ ಬಂದ ಕಷ್ಟವೇ ಅದು.

ಮಧ್ಯಾಹ್ನದ ಊಟ ಅಂಗಡಿಗೆ ತಲುಪಿಸುವುದೂ ನನ್ನ ಕೆಲಸ. ಡಬ್ಬಿ ಹಿಡಿದು ಹೋದಾಗೆಲ್ಲ ಯಜಮಾನಿ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಎದುರು ಸಾಲನ್ನೇ ನೋಡುತ್ತಾ ಕೂತಿರುತ್ತಿದ್ದಳು. ಅಲ್ಲಿ ಬ್ಯಾಗಿನವಳ ಅಂಗಡಿಗೆ ಹೊಸ ಬೋರ್ಡು ಬಂತು. ಗೋಡೆಗೆ ಹಳದಿ ಬಣ್ಣ ಬಂತು. ಬ್ಯಾಗುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುಹಾಕಿದ್ದಳು. ಬುದ್ಧಿ ಮಾಸ್ತರು (ನಾನು ಇಟ್ಟ ಹೆಸರು) ಕಾಲ ಮೇಲೆ ಕಾಲು ಹಾಕಿ ಏನೋ ಹೇಳುತ್ತಿದ್ದರೆ, ಆಕೆ ತಲೆ ಅಲ್ಲಾಡಿಸುತ್ತಿದ್ದಳು.

"ನೋಡ್ರೀ, ನೋಡ್ರೀ. ಅವಳ ಅದೃಷ್ಟ ನೋಡಿ," ಎಂದಳು ಯಜಮಾನಿ.

"ಡಬ್ಬಿ ತೆಗಿಯೇ, ಆರುತ್ತೆ."

"ಆರಲಿ. ನನ್ನ ಸೊಸೆ ಅಲ್ವಾ ಆ ಮಾಸ್ತರಿಗೆ ಎಲ್ಲಿ ಹೋಗ್ಬೇಕು, ಏನು ಹೇಳ್ಬೇಕು ಅಂತ ಕಾಗದ ಸಿದ್ಧ ಮಾಡೋದು? ಬ್ಯಾಗಿನವಳಿಗೆ ಪಾಠ, ನಮಗೆ ಪಂಗನಾಮ."

"ಚೀಟಿ ಎತ್ತಿದ್ದಲ್ವೇನೇ?"

"ಚೀಟಿ ಎತ್ತಿದ್ದು ಆಫೀಸು. ಬಾಯಿ ಹೊಲ್ಕೊಂಡು ಕೂತಿರೋದು ಇವಳು."

ಒಂದು ದಿನ ಹೀಗೆ ಮಾತಾಡುತ್ತಿರುವಾಗಲೇ ಪ್ರಶ್ನೆ ಅಕ್ಕ ಬಂದಳು. ಸೊಸೆಯ ಆಫೀಸಿನವಳೇ, ನಡುವಯಸ್ಸಿನ ಹೆಂಗಸು, ಕನ್ನಡಕ, ಕೈಯಲ್ಲಿ ಹಲಗೆಯಂಥ ದೊಡ್ಡ ಫೋನು. ಯಜಮಾನಿ ತಟ್ಟನೆ ಎದ್ದು ಸೆರಗು ಸರಿಮಾಡಿಕೊಂಡಳು. ಒಳಗೆ ಕೂರಿಸಿದಳು. ನೀರು ಕೊಟ್ಟಳು.

"ಈ ತಿಂಗಳು ವ್ಯಾಪಾರ ಹೇಗಿತ್ತಮ್ಮ?"

"ಪರವಾಗಿಲ್ಲ."

"ಮಾರಾಟ, ಹೋದ ತಿಂಗಳಿಗಿಂತ?"

"ಅಷ್ಟೇ, ಹಾಗೇ ಇದೆ. ಪರವಾಗಿಲ್ಲ."

ನಾನು ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಆ ವಾರವಿಡೀ ಅಂಗಡಿಗೆ ಬಂದಿದ್ದು ಒಂದೇ ಒಂದು ಹಾಸಿಗೆ, ಅದೂ ಒಬ್ಬ ಮುದುಕ ತಂದದ್ದು, ಅವನೂ ಚೌಕಾಸಿ ಮಾಡಿ ಮಾಡಿ ಅರ್ಧ ಜೀವ ತಿಂದಿದ್ದ. ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಯಜಮಾನಿ ನನ್ನನ್ನು ಹೇಗೆ ನೋಡಿದಳೆಂದರೆ, ಬಾಯಿ ತಾನಾಗೇ ಮುಚ್ಚಿಕೊಂಡಿತು. ಪ್ರಶ್ನೆ ಅಕ್ಕ ಫೋನಿನ ಮೇಲೆ ಬೆರಳೊತ್ತಿ, ಬರುತ್ತೇನಮ್ಮ ಎಂದು ಎದ್ದುಹೋದಳು.

ಅವಳು ಹೋದ ಹಿಂದೆಯೇ ಮಳಿಗೆಯ ಮಾಲೀಕ ಬಂದ. ಪಕ್ಕದ ಫೋಮ್ ಅಂಗಡಿಯವನಿಗೆ ಈ ಮಳಿಗೆ ಬೇಕಂತೆ, ಗೋಡೆ ಒಡೆದು ಎರಡನ್ನೂ ಒಂದು ಮಾಡುತ್ತಾನಂತೆ.

"ತಿಂಗಳ ಕೊನೆಗೆ ಒಂದು ಮಾತು ಹೇಳಿಬಿಡಿ ತಾಯಿ. ಇರ್ತೀರೋ, ಬಿಡ್ತೀರೋ. ಬಾಡಿಗೆಗೆ ನಿಮ್ಮ ಹಿಂದೆ ಅಲೆದು ಅಲೆದು ನನಗೂ ಸಾಕಾಗಿದೆ."

"ನಮ್ಮಪ್ಪನ ಕಾಲದಿಂದ ಇದೀವಿ."

"ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ," ಎಂದ ಅವನು.

ಮಾರನೆಯ ಬೆಳಿಗ್ಗೆ ಸೊಸೆ ಆಲೂಗಡ್ಡೆ ಹೆಚ್ಚಿಕೊಡಲು ಅಡುಗೆಮನೆಗೆ ಬಂದಾಗ ನಾನೊಂದು ಉಪಾಯ ಮಾಡಿದೆ. ಅವಳಿಗೆ ಇಷ್ಟವಾದ ಮೊಟ್ಟೆ ಹುರಿದು, ಮೇಲೆ ಮೆಣಸಿನ ಪುಡಿ ಉದುರಿಸಿ ಮುಂದಿಟ್ಟೆ.

"ಏನು ಮಾವ, ಭಾರಿ ಉಪಚಾರ?"

"ಏನಿಲ್ಲಮ್ಮ. ಸುಮ್ಮನೆ ಕೇಳ್ತೀನಿ. ಈಗ ಒಬ್ಬಳು, ಯಾರೋ ಒಬ್ಬಳು, ನಮ್ಮೋಳಲ್ಲ, ಹಾಸಿಗೆ ಅಂಗಡಿ ಇಟ್ಕೊಂಡಿದಾಳೆ ಅಂತಿಟ್ಕೋ..."

ಅವಳು ಚಾಕು ಕೆಳಗಿಟ್ಟಳು. ನಗು ಬಂತು, ಬಂದಷ್ಟೇ ಬೇಗ ಹೋಯಿತು. "ಮಾವ, ನನ್ನ ಬಾಯಿ ಬಿಡಿಸ್ಬೇಡಿ. ನನಗೇನು ಕಲ್ಲೆದೆ ಅಂದ್ಕೊಂಡ್ರಾ? ದಿನಾ ಅವರ ಮುಖ ನೋಡಿ ಆಫೀಸಿಗೆ ಹೋಗೋದು ಎಷ್ಟು ಕಷ್ಟ ಅಂತ ನನಗೇ ಗೊತ್ತು."

"ಮತ್ತೆ ಹೇಳಿಬಿಡಮ್ಮ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ." ಚಾಕು ಮತ್ತೆ ಎತ್ತಿಕೊಂಡು ಮೆಲ್ಲಗೆ ಹೇಳಿದಳು. "ಒಂದು ದಾರಿ ಇದೆ. ಅತ್ತೆ ನನಗಿದು ಬೇಡ ಅಂತ ಒಂದು ಮಾತು ಹೇಳಿದ್ರೆ ಸಾಕು, ಅವರ ಹೆಸರು ತೆಗೀತಾರೆ. ಯಾವಾಗ ಬೇಕಾದ್ರೂ ತೆಗೆಸ್ಬಹುದು. ಆಮೇಲೆ ನಾನು ಏನು ಬೇಕಾದ್ರೂ ಮಾತಾಡ್ಬಹುದು."

ನಾನು ಖುಷಿಯಿಂದ ಅಂಗಡಿಗೆ ಓಡಿದೆ. ಯಜಮಾನಿ ಪೂರ್ತಿ ಕೇಳಿಸಿಕೊಂಡು, "ಆಯ್ತಾ ನಿಮ್ಮ ರಾಯಭಾರ?" ಎಂದಳು. "ನಾನು ಬೇಡ ಅಂತ ಎದ್ದು ಬರ್ಬೇಕಾ? ವರ್ಷ ಪೂರ್ತಿ ಉತ್ತರ ಕೊಡ್ತೀನಿ ಅಂತ ಒಪ್ಕೊಂಡಿದೀನಿ. ಅತ್ತೆ ನಡುವೆ ಕೈಕೊಟ್ಲು ಅಂತ ಅವಳ ಆಫೀಸಲ್ಲಿ ಆಡ್ಕೊಳ್ಳಿ ಅಂತಾನಾ? ಅವಳಿಗೆ ನನ್ನ ಮೇಲೆ ಪ್ರೀತಿ ಇದ್ರೆ ತಾನಾಗೇ ಹೇಳ್ಬೇಕಿತ್ತು. ಕಾಲಿಗೆ ಬಿದ್ದು ಕೇಳೋಳಲ್ಲ ನಾನು."

ಇಬ್ಬರದೂ ಒಂದೇ ಹಠ. ನಡುವೆ ನಾನು ಕಂಡಕ್ಟರಿಲ್ಲದ ಬಸ್ಸಿನ ಡ್ರೈವರಿನಂತೆ ಅತ್ತ ಇತ್ತ ಕತ್ತು ತಿರುಗಿಸುತ್ತಾ ಇದ್ದೆ.

ಆ ವಾರದಿಂದ ಮನೆಯ ಗಾಳಿಯೇ ಬದಲಾಯಿತು. ಯಜಮಾನಿ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಚಹಾ ಕುಡಿದು ಹೊರಟುಬಿಡುತ್ತಿದ್ದಳು. ಸಂಜೆ ಸೊಸೆ ಬಟ್ಟೆ ಒಗೆದು ಒಣಹಾಕಿದರೆ, ಇವಳು ತನ್ನ ಸೀರೆ ಮಾತ್ರ ಬೇರೆ ಬಕೆಟ್ಟಿಗೆ ಎತ್ತಿಟ್ಟು ತಾನೇ ಒಗೆದುಕೊಳ್ಳುತ್ತಿದ್ದಳು. ಅತ್ತೆ ಸೊಸೆ ನಡುವೆ ಮಾತು ಮೊಮ್ಮಗಳ ಮೂಲಕ ನಡೆಯುತ್ತಿತ್ತು. "ನಿಮ್ಮಮ್ಮನಿಗೆ ಹೇಳು, ಬಕೆಟ್ಟು ಖಾಲಿ ಇದೆ." "ಅಜ್ಜಿಗೆ ಹೇಳು, ಬಿಸಿನೀರು ಕಾದಿದೆ." ಮಗು ಇಬ್ಬರ ಮುಂದೆಯೂ ನಿಂತು, "ಕೇಳಿಸ್ತಲ್ಲ?" ಎನ್ನುತ್ತಿತ್ತು.

ಮಗನಿಗೆ ಇದು ತಡೆಯಲಿಲ್ಲ. ಒಂದು ಸಂಜೆ ತಟ್ಟೆಯ ಮುಂದೆ ಕೂತವನೇ ಹೇಳಿದ. "ಅಮ್ಮಾ, ಮುಚ್ಚಿಬಿಡು. ಸಾಕು."

"ಏನನ್ನ? ಬಾಯಾ?"

"ಅಂಗಡೀನ. ನಾನು ದುಡೀತೀನಿ, ಇವಳು ದುಡೀತಾಳೆ. ಆ ಧೂಳು ಕುಡಿದು ಕೆಮ್ಮಿ ಕೆಮ್ಮಿ ಏನು ಸಾಧಿಸ್ಬೇಕು?"

"ನೀನು ಮಲಗೋ ಹಾಸಿಗೆ ಯಾರು ಮಾಡಿದ್ದೋ?"

"ನೀನೇ. ಅದಕ್ಕೇ ಹೇಳ್ತಿದೀನಿ, ಇನ್ನಾದ್ರೂ ಅದರ ಮೇಲೆ ನೀನು ಮಲ್ಕೋ."

"ನಾನು ಮಲ್ಕೊಂಡ್ರೆ ಏಳೋದೇ ಇಲ್ಲ ಕಣೋ," ಎಂದಳು ಅವಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಎದ್ದುಹೋದಳು.

ಅದಾದ ಮೇಲೆ ಸೊಸೆಯ ಸರದಿ ಬಂತು. ಆಫೀಸಿನಿಂದ ಬಂದವಳು ಚೀಲ ಕುರ್ಚಿಯ ಮೇಲೆ ಎಸೆದು ಸುಮ್ಮನೆ ಕೂತಳು. ಏನಾಯಿತು ಎಂದು ಮಗ ಎರಡೆರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು. ಅರ್ಧ ವರ್ಷದ ಉತ್ತರಗಳನ್ನೆಲ್ಲ ಕೂಡಿಸಿ ನೋಡಿದರಂತೆ. ಪಾಠ ಹೇಳಿಸಿಕೊಂಡವರಿಗೂ ಹೇಳಿಸಿಕೊಳ್ಳದವರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲವಂತೆ. ಎಲ್ಲರ ಉತ್ತರವೂ ನಡುವೆಯೇ ಬಂದು ಕೂತಿದೆಯಂತೆ. ಮೇಲಿನವರು, ಇಷ್ಟು ಜನ ಇಷ್ಟು ದಿನ ಮಾಡಿದ್ದೇನು ಎಂದು ಎಲ್ಲರೆದುರು ಇವಳನ್ನು ಕೇಳಿದರಂತೆ.

ಯಜಮಾನಿ ಗೋಡೆಗೆ ಒರಗಿ ದಿಂಬಿನ ಗವಸು ಹೊಲಿಯುತ್ತಿದ್ದಳು. ಬಹಳ ದಿನದ ಮೇಲೆ ನೇರವಾಗಿ ಸೊಸೆಯೊಡನೆ ಮಾತಾಡಿದಳು. "ಹಾಗಾದ್ರೆ ಆ ಪಾಠದಲ್ಲಿ ಏನೂ ಇರ್ಲಿಲ್ಲ ಅನ್ನು. ಇಷ್ಟಕ್ಕಾ ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ದೆ?"

ಸೊಸೆಯ ಕಣ್ಣು ತುಂಬಿತು. ಮಗ, "ಅಮ್ಮಾ!" ಎಂದು ಗದರಿದ. ನಾನು ಅಂದು ಬಡಿಸಲು ತಂದ ಪಾತ್ರೆ ತುಂಬಿದ್ದಂತೆಯೇ ವಾಪಸು ಹೋಯಿತು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಹೊಟ್ಟೆಯ ಮೇಲೆ ಯಾಕೆ ಹಠ ಸಾಧಿಸಬೇಕು ಇವರೆಲ್ಲ?

ತಿಂಗಳ ಕೊನೆಯ ಭಾನುವಾರ. ಯಜಮಾನಿ ಅಂಗಡಿಯಿಂದ ಒಂದು ಹಾಸಿಗೆ ಮನೆಗೇ ತಂದು, ನಡುಮನೆಯಲ್ಲಿ ಹರಡಿ, ಅಂಚು ಹೊಲಿಯುತ್ತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ಪರಿಚಯವಿಲ್ಲದ ಗಂಡಸು.

"ಹತ್ತಿ ಹಿಂಜೋ ಮಷೀನು ಕೊಡೋದಿದೆ ಅಂದ್ರು. ನೋಡ್ಬಹುದಾ?"

ನಾನು ಮಗನ ಮುಖ ನೋಡಿದೆ. ಅವನು ನೆಲ ನೋಡಿದ.

"ಯಾರು ಹೇಳಿದ್ದು?" ಎಂದಳು ಯಜಮಾನಿ. ದನಿ ಏರಿರಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು.

"ನಾನೇ ಅಮ್ಮ," ಎಂದ ಮಗ. "ನಾಳೆ ಮಾಲೀಕ ಕೀ ಕೇಳ್ತಾನೆ. ಆಮೇಲೆ ಆ ಮಷೀನನ್ನ ಎಲ್ಲಿಡ್ತೀಯ? ನಡುಮನೇಲಾ? ಕಬ್ಬಿಣದ ತೂಕಕ್ಕೆ ಹಾಕೋದಕ್ಕಿಂತ ಇವರಿಗೆ..."

"ನಮ್ಮಪ್ಪನ ಮಷೀನನ್ನ ನನ್ನನ್ನ ಕೇಳದೆ?"

"ಕೇಳಿದ್ರೆ ನೀನು ಹೂಂ ಅಂತಿದ್ದೆಯಾ?"

"ಅಂತಿರ್ಲಿಲ್ಲ! ಅದಕ್ಕೇ ಕೇಳ್ಲಿಲ್ಲ, ಅಲ್ವೇನೋ?"

ಬಂದವನು ಚಪ್ಪಲಿ ಮೆಟ್ಟಿದ್ದೇ ಗೊತ್ತಾಗಲಿಲ್ಲ, ಜಾಗ ಖಾಲಿ ಮಾಡಿದ್ದ. ಯಜಮಾನಿ ಸಿಟ್ಟಿನಲ್ಲಿ ದಬ್ಬಳವನ್ನು ಹಾಸಿಗೆಗೆ ಚುಚ್ಚಿದಳು. ಅದು ಹತ್ತಿ ದಾಟಿ ಕೆಳಗಿಟ್ಟಿದ್ದ ಅವಳ ಎಡಗೈಗೇ ಇಳಿಯಿತು. ಬಿಳಿ ಗವಸಿನ ಮೇಲೆ ರಕ್ತ ಹರಡಿತು.

ಸೊಸೆ ಓಡಿಬಂದು ಕೈ ಹಿಡಿದುಕೊಂಡಳು. "ಅಯ್ಯೋ ಅತ್ತೆ! ತುಂಬಾ ನೋಯ್ತಿದೆಯಾ?"

"ಪರವಾಗಿಲ್ಲ, ಬಿಡು."

"ಒಳಗೆ ಹೋಗಿದೆ ಅತ್ತೆ!"

"ಪರವಾಗಿಲ್ಲ ಅಂದ್ನಲ್ಲ."

ಸೊಸೆ ಕೈ ಬಿಡಲಿಲ್ಲ. ತನ್ನ ಸೆರಗನ್ನೇ ಸುತ್ತಿ ಒತ್ತಿ ಹಿಡಿದಳು. ಹಾಗೆ ಹಿಡಿದುಕೊಂಡು ಅತ್ತೆಯ ಮುಖವನ್ನೇ ನೋಡಿದಳು, ಆಮೇಲೆ ರಕ್ತವನ್ನು ನೋಡಿದಳು.

"ಅತ್ತೆ, ಒಂದು ಕೇಳ್ತೀನಿ. ಕೇಳೋ ಹಾಗಿಲ್ಲ, ಆದ್ರೂ ಕೇಳ್ತೀನಿ. ನಮ್ಮ ಆಫೀಸಿನವರು ಬಂದು ವ್ಯಾಪಾರ ಹೇಗಿದೆ ಅಂದ್ರೆ ನೀವು ಏನಂತ ಹೇಳ್ತಿದ್ರಿ?"

"ಇನ್ನೇನು ಹೇಳ್ತಾರೆ? ಪರವಾಗಿಲ್ಲ ಅಂತ."

"ಪ್ರತಿ ಸಲಾನೂ?"

"ಪ್ರತಿ ಸಲಾನೂ. ಸೊಸೆ ಆಫೀಸಿನವಳ ಮುಂದೆ ನಾನು ದಿವಾಳಿ ಎದ್ದಿದೀನಿ ಅಂತ ಅಳ್ಲಾ? ನಾಳೆ ಅವಳು ಅಲ್ಲಿ ಹೋಗಿ ನಿನ್ನ ಮುಖ ನೋಡಿದ್ರೆ ನಿನ್ನ ಮರ್ಯಾದೆ ಏನಾಗ್ಬೇಕು?"

ಸೊಸೆ ನೆಲಕ್ಕೆ ಕುಸಿದು ಕೂತಳು. "ಆ ಪದ ಹಾಕಿದ್ದು ನಾನೇ," ಎಂದಳು. "ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ, ಮುಳುಗ್ತಿದೆ. ಐದು ಉತ್ತರ. ಜನ ಆಡೋ ಮಾತಲ್ಲೇ ಇರಲಿ ಅಂತ ಜಂಬದಿಂದ ಹಾಕಿದ್ದೆ. ಎಲ್ಲರೂ ಅಲ್ಲೇ ಬಂದು ಕೂತಿದಾರೆ. ಗೆದ್ದೋರೂ ಪರವಾಗಿಲ್ಲ, ಸತ್ತೋರೂ ಪರವಾಗಿಲ್ಲ. ನಾನು ಈ ಮನೇಲೇ ದಿನಾ ಮೂರು ಹೊತ್ತು ಕೇಳೋ ಮಾತು ಅತ್ತೆ ಅದು! ನನಗೆ ಹೊಳೀಲೇ ಇಲ್ಲ."

ಯಾಕೋ ಆಗ ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಮಗ ಡೆಟಾಲು, ಹತ್ತಿ ತಂದ. ಹತ್ತಿಗೇನು ನಮ್ಮ ಮನೆಯಲ್ಲಿ ಬರವೇ?

ಗಾಯಕ್ಕೆ ಬಟ್ಟೆ ಕಟ್ಟುವಾಗ ಯಜಮಾನಿ ಸಣ್ಣ ದನಿಯಲ್ಲಿ ಕೇಳಿದಳು. "ನನ್ನ ಹೆಸರು ತೆಗೆಸ್ತೀನಿ. ಈಗಲಾದ್ರೂ ಹೇಳೇ. ಆ ಮಾಸ್ತರು ಹೇಳೋ ಪಾಠ ಕಲಿತಿದ್ರೆ ನನ್ನ ಅಂಗಡಿ ಉಳೀತಿತ್ತಾ?"

ಅವಳು ಯಾರನ್ನಾದರೂ ಹೀಗೆ ಬೇಡುವ ದನಿಯಲ್ಲಿ ಕೇಳಿದ್ದನ್ನು ನಾನು ಕಂಡಿರಲಿಲ್ಲ.

"ಗೊತ್ತಿಲ್ಲ ಅತ್ತೆ," ಎಂದಳು ಸೊಸೆ.

"ಗೊತ್ತಿಲ್ವಾ?"

"ಪಾಠ ಏನು ಅಂತ ಗೊತ್ತು. ಅದರಿಂದ ಅಂಗಡಿ ಉಳಿಯುತ್ತಾ ಅಂತ ನನಗೂ ಗೊತ್ತಿಲ್ಲ, ಮಾಸ್ತರಿಗೂ ಗೊತ್ತಿಲ್ಲ, ನಮ್ಮ ಮೇಲಿನವರಿಗೂ ಗೊತ್ತಿಲ್ಲ. ಗೊತ್ತಿದ್ರೆ ಇಷ್ಟೆಲ್ಲ ಯಾಕೆ ಅಂಗಡಿ ಅಂಗಡಿ ಸುತ್ತಿ ಕೇಳ್ಬೇಕಿತ್ತು? ಜನ ನಿಜ ಹೇಳಿದ್ರೆ ವರ್ಷದ ಕೊನೆಗೆ ಗೊತ್ತಾಗ್ತಿತ್ತು."

ಯಜಮಾನಿ ಅವಳನ್ನೇ ನೋಡುತ್ತಾ ಕೂತಳು. ಇಷ್ಟು ದಿನ ಸೊಸೆ ಸೆರಗಿನಲ್ಲಿ ಚಿನ್ನ ಗಂಟು ಕಟ್ಟಿಕೊಂಡು ಓಡಾಡುತ್ತಿದ್ದಾಳೆಂದು ತಿಳಿದಿದ್ದಳು. ಗಂಟು ಬಿಚ್ಚಿದರೆ ಅಲ್ಲಿ ಏನೂ ಇರಲಿಲ್ಲ.

"ಇದನ್ನಾದ್ರೂ ಮೊದಲೇ ಹೇಳ್ಬಾರ್ದಿತ್ತಾ?"

"ನೀವು ಕೇಳ್ಲಿಲ್ಲ ಅತ್ತೆ. ಬೈದ್ರಿ."

ಇನ್ನೊಂದು ಮಹಾಯುದ್ಧ ಶುರುವಾಯಿತು ಅಂದುಕೊಂಡೆ. ಯಜಮಾನಿ ಕಟ್ಟಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನೋಯ್ತಿದೆ ಕಣೇ," ಎಂದಳು. "ತುಂಬಾ ನೋಯ್ತಿದೆ."

ಸೋಮವಾರ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಒಂದು ಕೈಯಲ್ಲಿ ಶಟರು ಎತ್ತಲು ಅವಳಿಗೆ ಆಗುತ್ತಿರಲಿಲ್ಲ. ಮಾಲೀಕ ಮಧ್ಯಾಹ್ನ ಬರುವವನಿದ್ದ. ಅಂಗಡಿಯ ಹಿಂಬದಿ ಅರ್ಧ ಖಾಲಿ ಹೊಡೆಯುತ್ತಿತ್ತು. ಒಂದು ಕಾಲದಲ್ಲಿ ಅಲ್ಲಿ ಹಾಸಿಗೆಗಳು ಸೂರಿಗೆ ತಾಗುತ್ತಿದ್ದವು.

ಆಗಲೇ ಪ್ರಶ್ನೆ ಅಕ್ಕ ಬಂದಳು, ಆ ತಿಂಗಳ ಪ್ರಶ್ನೆ ಹಿಡಿದುಕೊಂಡು. "ಒಳಗೆ ಕೂರೋಣ್ವಾ ಅಮ್ಮ?"

"ಬೇಡ, ಇಲ್ಲೇ ಕೇಳಿ," ಎಂದಳು ಯಜಮಾನಿ. ಬಾಗಿಲಲ್ಲಿ, ರಸ್ತೆಗೆ ಮುಖ ಮಾಡಿ ನಿಂತಳು. ಎದುರಿಗೆ ಬ್ಯಾಗಿನವಳು ಬ್ಯಾಗುಗಳ ಧೂಳು ಹೊಡೆಯುತ್ತಿದ್ದಳು.

"ಈ ತಿಂಗಳು ವ್ಯಾಪಾರ ಹೇಗಿತ್ತು?"

"ಮುಳುಗ್ತಾ ಇದೆ."

ಪ್ರಶ್ನೆ ಅಕ್ಕನ ಬೆರಳು ಫೋನಿನ ನಡುವಿಗೆ ಹೋಗಿಬಿಟ್ಟಿತ್ತು. "ಏನಂದ್ರಿ?"

"ಮುಳುಗ್ತಾ ಇದೆ ಅಂದೆ!" ದನಿ ಬೀದಿಗೆಲ್ಲ ಕೇಳಿಸಿತು. ಪಕ್ಕದ ಫೋಮ್ ಅಂಗಡಿಯವನು ಹೊರಗೆ ಇಣುಕಿದ. "ಹಾಸಿಗೆ ಮಾಡ್ಸೋರಿಲ್ಲ. ಬಾಡಿಗೆ ಕಟ್ಟೋಕಾಗ್ತಿಲ್ಲ. ಇವತ್ತು ಮಾಲೀಕ ಬಂದು ಕೀ ಕೇಳ್ತಾನೆ. ಇವರು ದಿನಾ ಡಬ್ಬಿ ತಂದು ಗಿರಾಕಿ ಬಂದ್ರಾ ಅಂತ ಕೇಳ್ತಾರೆ, ಪರವಾಗಿಲ್ಲ ಅಂತ ಸುಳ್ಳು ಹೇಳ್ತೀನಿ. ಹಿಂದಿನ ಸಲ ನಿಮಗೆ ಹೇಳಿದ್ದೂ ಸುಳ್ಳು, ಅದರ ಹಿಂದಿನದೂ ಸುಳ್ಳು. ಎಲ್ಲಾ ಹೊಡೆದುಹಾಕಿ. ಈಗ ಸರಿಯಾಗಿ ಬರ್ಕೊಳ್ಳಿ."

ನಾನು ಸೆಟೆದು ನಿಂತೆ. ನನ್ನ ಹೆಂಡತಿಯನ್ನು ನೋಡಿ ಯಾರಾದರೂ ನಕ್ಕರೆ ಹಲ್ಲು ಉದುರಿಸುವ ಉದ್ದೇಶ ನನ್ನದು.

ಬ್ಯಾಗಿನವಳು ಧೂಳು ಹೊಡೆಯುವ ಬಟ್ಟೆ ಹಿಡಿದುಕೊಂಡೇ ರಸ್ತೆ ದಾಟಿದಳು. ಯಜಮಾನಿ ಗಲ್ಲ ಎತ್ತಿದಳು. "ಏನೇ, ನೋಡಿ ಸಂತೋಷಪಡೋಕೆ ಬಂದ್ಯಾ?"

"ನನ್ನದೂ ಅಷ್ಟೇ ಕಣಕ್ಕ," ಎಂದಳು ಬ್ಯಾಗಿನವಳು.

"ಏನು ಅಷ್ಟೇ?"

"ಮುಳುಗ್ತಾ ಇದೆ."

"ಮತ್ತೆ ಆ ಬೋರ್ಡು? ಆ ಬಣ್ಣ?"

"ಮಾಸ್ತರು ಹೇಳಿದ್ರು, ಮಾಡಿಸ್ದೆ. ಜನ ನಿಂತು ನೋಡ್ತಾರೆ, ಚೆನ್ನಾಗಿದೆ ಅಂತಾರೆ, ಹೋಗ್ತಾರೆ. ನನ್ನ ಮಳಿಗೆದೂ ಬಾಡಿಗೆ ನಿಂತಿದೆ."

"ಈಯಮ್ಮ ಕೇಳಿದಾಗ ಏನು ಹೇಳ್ತಿದ್ದೆ?"

"ಪರವಾಗಿಲ್ಲ ಅಂತಿದ್ದೆ." ಆಕೆ ಕಣ್ಣೊರೆಸಿಕೊಂಡಳು, ಅದೇ ಧೂಳಿನ ಬಟ್ಟೆಯಲ್ಲಿ. "ನೀವು ಎದುರಿಗೇ ಕೂತಿರ್ತೀರಲ್ಲ ಅಕ್ಕ, ನನ್ನನ್ನೇ ನೋಡ್ತಾ. ನಿಮ್ಮ ಕಿವಿಗೆ ಬಿದ್ದು ನೀವು ನಕ್ಕರೆ ಅಂತ ಹೆದರ್ಕೊಂಡು."

ಯಜಮಾನಿ ಹಿಂದೆ ತಿರುಗಿ ತನ್ನ ಅಂಗಡಿಯ ಖಾಲಿ ಅರ್ಧವನ್ನು ನೋಡಿದಳು. ಎದುರು ಸಾಲನ್ನು ನೋಡಿದಳು. ಮತ್ತೆ ಖಾಲಿ ಜಾಗವನ್ನು ನೋಡಿದಳು.

"ನಿನ್ನ ಹೊಲಿಗೆ ಮಷೀನು ಎಷ್ಟು ಜಾಗ ತಗೊಳ್ಳುತ್ತೆ?"

"ಯಾಕಕ್ಕ?"

"ಕೇಳಿದ್ದಕ್ಕೆ ಹೇಳೇ. ದಪ್ಪ ಬಟ್ಟೆ ಹೊಲಿಯುತ್ತಾ ಅದು? ಗವಸಿನ ಅಂಚು?"

"ಕ್ಯಾನ್‌ವಾಸೇ ಹೊಲಿಯುತ್ತೆ. ಗವಸು ಯಾವ ಲೆಕ್ಕ?"

"ಒಂದು ಮಳಿಗೆ, ಒಂದು ಬಾಡಿಗೆ, ಅರ್ಧ ನಿಂದು, ಅರ್ಧ ನಂದು," ಎಂದಳು ಯಜಮಾನಿ. "ಬೇಡ ಅನ್ಸಿದ್ರೆ ಬೇಡ ಅನ್ನು. ಪರವಾಗಿಲ್ಲ ಅಂತ ಮಾತ್ರ ಅನ್ನಬೇಡ."

ಪ್ರಶ್ನೆ ಅಕ್ಕ ಫೋನು ಹಿಡಿದು ನಮ್ಮೆಲ್ಲರ ಮುಖ ನೋಡುತ್ತಿದ್ದಳು. "ಇದನ್ನ ನಾನು ಎಲ್ಲಿ ಬರ್ಕೊಳ್ಳಲಿ?"

ಮಾಲೀಕನಿಗೆ ಇದು ಅಷ್ಟು ಹಿಡಿಸಲಿಲ್ಲ. ಬ್ಯಾಗಿನವಳೂ ಪಕ್ಕದಲ್ಲಿ ನಿಂತು ಬಾಡಿಗೆಗೆ ನಾನೂ ಹೊಣೆ ಎಂದ ಮೇಲೆ, ಮುಂದಿನ ಸುಗ್ಗಿಯವರೆಗೆ ನೋಡೋಣ ಎಂದು ಗೊಣಗುತ್ತಾ ಹೋದ. ಅಂಗಡಿ ಉಳಿಯಿತು ಎಂದು ನಾನು ಬರೆದುಕೊಡಲಾರೆ. ಆ ದಿನ ಮಾತ್ರ ಶಟರು ಮುಚ್ಚಲಿಲ್ಲ. ಹೊಲಿಗೆ ಯಂತ್ರ ದಾಟಿಸಿದ ದಿನವೇ ಇಬ್ಬರಿಗೂ ಜಗಳವಾಯಿತು, ಹತ್ತಿಯ ಧೂಳು ಕಪ್ಪು ಬ್ಯಾಗಿನ ಮೇಲೆ ಕೂತದ್ದಕ್ಕೆ. ಮಗ ರಜೆ ಹಾಕಿ ಹೋಗಿ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದ. ಅಜ್ಜನ ಯಂತ್ರದ ಬೆಲ್ಟನ್ನೂ ಬದಲಾಯಿಸಿದ. ತಾಯಿ ಅವನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಬೆಲ್ಟು ಬಿಗಿಯಾಯಿತೇ ಎಂದು ಮಾತ್ರ ಕೇಳಿದಳು.

ಸೊಸೆ ಆಫೀಸಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಚೆನ್ನಾಗಿ ಬೈಸಿಕೊಂಡಳು. ಪಾಠದ ಗುಂಪಿನವಳೊಬ್ಬಳು, ಪಾಠವಿಲ್ಲದ ಗುಂಪಿನವಳೊಬ್ಬಳು ಒಂದೇ ಶಟರಿನ ಕೆಳಗೆ ಕೂತಿದ್ದಾರೆ, ಇವರನ್ನು ಯಾವ ಗುಂಪಿಗೆ ಹಾಕುವುದು ಎಂದು ಮೇಲಿನವರು ತಲೆ ಚಚ್ಚಿಕೊಂಡರಂತೆ. ಕೊನೆಗೆ ಎರಡೂ ಹೆಸರನ್ನು ತೆಗೆದುಹಾಕಿದರು. ಉಳಿದ ಅಂಗಡಿಗಳಿಗೆಲ್ಲ ಮತ್ತೆ ಹೋಗಿ ಬೇರೆ ರೀತಿ ಕೇಳಬೇಕು. ಈ ವಾರ ಯಾರಾದರೂ ಕೊಂಡರೇ, ಬಾಡಿಗೆ ಕಟ್ಟಿದಿರಾ, ಯಾವುದಕ್ಕೆ ನಿದ್ದೆ ಬರುತ್ತಿಲ್ಲ, ಹೀಗೆ. ಆ ಮೆಟ್ಟಿಲುಗಳನ್ನೆಲ್ಲ ಮತ್ತೆ ಹತ್ತುವ ಕೆಲಸ ಸೊಸೆಯದೇ.

ಆ ಸೋಮವಾರ ರಾತ್ರಿ ಊಟಕ್ಕೆ ಎಲ್ಲರೂ ಇದ್ದರು. ಯಜಮಾನಿ ಬ್ಯಾಗಿನವಳನ್ನೂ ಕರೆತಂದಿದ್ದಳು. ಬಹಳ ದಿನದ ಮೇಲೆ ತುಂಬಿದ ಮನೆ. ನಾನು ಬೇಳೆ, ಆಲೂಗಡ್ಡೆ, ಮೊಟ್ಟೆ ಎಲ್ಲ ಮಾಡಿ, ಉಮೇದಿನಿಂದ ಬಡಿಸಿ, ಸೌಟು ಹಿಡಿದು ನಿಂತೆ.

"ಹೇಗಿದೆ?"

ಬ್ಯಾಗಿನವಳು ಬಾಯಿಗಿಟ್ಟ ತುತ್ತು ನುಂಗದೆ ನೀರಿನ ಲೋಟ ಹುಡುಕಿದಳು. ಮಗ ಸೊಸೆಯನ್ನು ನೋಡಿದ. ಸೊಸೆ ಅತ್ತೆಯನ್ನು ನೋಡಿದಳು.

"ಉಪ್ಪು ಜಾಸ್ತಿ," ಎಂದಳು ಯಜಮಾನಿ.

"ಇವತ್ತು ಸ್ವಲ್ಪ ಕೈ ತಪ್ಪಿರ್ಬೇಕು."

"ಇವತ್ತಲ್ಲ, ದಿನಾ."

"ನಾನು ಹೇಳೋಕೆ ಹೋದ್ರೆ ಅಮ್ಮ ತುತ್ತು ತುರುಕ್ತಾಳೆ!" ಎಂದು ಮೊಮ್ಮಗಳು ಕೂಗಿದಳು.

ನಾನು ಸೌಟು ಕೆಳಗಿಟ್ಟೆ. ಒಬ್ಬೊಬ್ಬರ ಮುಖವನ್ನೂ ನೋಡಿದೆ.

"ಯಾವಾಗಿನಿಂದ?"

"ನೀವು ಬಸ್ಸು ಬಿಟ್ಟಾಗಿನಿಂದ," ಎಂದಳು ಯಜಮಾನಿ. ಬಟ್ಟೆ ಕಟ್ಟಿದ ಕೈಯಿಂದ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿದಳು. "ಇನ್ನೊಂದು ಸ್ವಲ್ಪ ಹಾಕಿ. ಹಸಿವಾಗಿದೆ."